ಅತ್ತೆಯ ಹಾಗೆ

ಹಂಪನಕಟ್ಟೆಯ ಹೋಟೆಲೊಂದನ್ನು ದಾಟುವಾಗ ಬೆಂದ ಮುಂಡೇವಿನ ಎಲೆಯ ವಾಸನೆ ಮೂಗಿಗೆ ಬಡಿಯಿತು. ಒಳಗೆ ಎಲೆಕೊಟ್ಟೆಗಳಲ್ಲಿ ಇಡ್ಲಿಯಂಥ ಮೂಡೆ ಬೇಯುತ್ತಿತ್ತು. ನೆನಪಾದದ್ದು ಮಣ್ಣಗುಡ್ಡದ ನಮ್ಮ ಹಳೆಯ ಅಡುಗೆಕೋಣೆ, ಅಲ್ಲಿ ಎಲೆ ಸುತ್ತುತ್ತ ಕೂತಿರುತ್ತಿದ್ದ ಅತ್ತೆ, ಅಪ್ಪನ ಅಕ್ಕ...

ಅತ್ತೆ ಮದುವೆಯಾಗಿರಲಿಲ್ಲ. ಹೊರಗಿನವರ ದನಿ ಕೇಳಿದರೆ ಸಾಕು, ಒಳಗೆ ಸರಿಯುತ್ತಿದ್ದರು. ಬಂದವರು ಅದನ್ನು ಹೊಗಳುತ್ತಿದ್ದರು. ಅರ್ಚಕರ ಮನೆಯ ಹೆಣ್ಣೆಂದರೆ ಹೀಗಿರಬೇಕು, ಮಾತೇ ಇಲ್ಲ ಎಂದು. ನಾನೂ ಹಾಗೆಯೇ ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ನನ್ನನ್ನು ಯಾರೂ ಹೊಗಳಲಿಲ್ಲ. "ಎಂತ ಮಾರಾಯ, ಗಂಡು ಹುಡುಗ ಇಷ್ಟು ನಾಚಿದರೆ ಹೇಗೆ?" ಎನ್ನುತ್ತಿದ್ದರು.

ಒಂದನೇ ಕ್ಲಾಸಿನಲ್ಲಿದ್ದಾಗ, ಹಬ್ಬಕ್ಕೆ ಬಂದ ನೆಂಟರ ಮುಂದೆ ಅಪ್ಪ ನನ್ನನ್ನು ನಿಲ್ಲಿಸಿ ಶ್ಲೋಕ ಹೇಳು ಎಂದರು. ಬೆಳಿಗ್ಗೆಯಷ್ಟೇ ತಪ್ಪಿಲ್ಲದೆ ಒಪ್ಪಿಸಿದ್ದ ಶ್ಲೋಕ. ನಾನು ಬಾಗಿಲ ಹಿಂದಕ್ಕೆ ಸರಿಯಹೋದೆ. ಅಪ್ಪ ಭುಜ ಹಿಡಿದು ಅಲುಗಿಸಿದರು... ಚಡ್ಡಿ ಒದ್ದೆಯಾಯಿತು. ಯಾರೋ ನಕ್ಕರು.

ಆಗ ಅತ್ತೆ ಚಾವಡಿಗೆ ಬಂದರು. ಅಷ್ಟು ಜನರ ನಡುವೆ ಅವರನ್ನು ನಾನು ಕಂಡದ್ದು ಅದೊಂದೇ ಸಲ.

"ಬಿಡು ಅವನನ್ನು," ಎಂದು ಅಪ್ಪನಿಗೆ ಹೇಳಿದರು. "ಅವನಿಗೆ ಬರುದಿಲ್ಲ ಅಂತ ಅಲ್ಲ. ಅವನು ನನ್ನ ಹಾಗೆ. ನನ್ನನ್ನು ಒಳ್ಳೆಯ ಹೆಣ್ಣು ಅಂತ ಹೇಳ್ತೀರಲ್ಲ, ಅದು ಒಳ್ಳೆಯತನ ಅಲ್ಲ. ಹೆದರಿಕೆ."

ಅತ್ತೆ ನನ್ನನ್ನು ಬಾವಿಕಟ್ಟೆಗೆ ಕರೆದೊಯ್ದು ಕಾಲು ತೊಳೆದರು. ನನಗೋ ಒದ್ದೆ ಚಡ್ಡಿಗಿಂತ ಆ 'ನನ್ನ ಹಾಗೆ' ಎಂಬ ಮಾತೇ ಹೆಚ್ಚು ನಾಚಿಕೆಯದಾಯಿತು. ಮುಂದೆ ಆಫೀಸಿನ ಮೀಟಿಂಗುಗಳಲ್ಲಿ ಅಂಗೈ ಬೆವರಿದಾಗಲೂ ಆ ಮಾತು ಕೇಳಿಸುತ್ತಿತ್ತು. ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಳ್ಳುತ್ತಿದ್ದೆ.

ಈಗ ನಾವಿರುವುದು ಶಕ್ತಿನಗರದಲ್ಲಿ. ಮಗಳಿಗೆ ನಾಲ್ಕು ವರ್ಷ. ಕಳೆದ ವಾರ ಅವಳ ಶಿಶುವಿಹಾರದ ಟೀಚರ್ ನನ್ನನ್ನೂ ಹೆಂಡತಿಯನ್ನೂ ಕರೆಸಿದರು.

"ಇವಳು ಯಾರ ಹತ್ತಿರವೂ ಮಾತಾಡುದಿಲ್ಲ. ನಿಮ್ಮಲ್ಲಿ ಹೀಗೆ ಬೇರೆ ಯಾರಾದ್ರೂ ಉಂಟಾ?"

ಹೆಂಡತಿ ನನ್ನತ್ತ ನೋಡಿದಳು. ಕಿವಿ ಬಿಸಿಯಾಯಿತು.

"ನಾನು," ಎಂದೆ, ನೆಲ ನೋಡುತ್ತ. "ನನ್ನ ಸೋದರತ್ತೆಯೂ..."

"ಹೌದಾ? ಅಂಥವರ ಹತ್ತಿರ ಇಂಥ ಮಕ್ಕಳು ಬೇಗ ಮಾತಾಡ್ತವೆ. ಅವರನ್ನು ಒಮ್ಮೆ ಕರ್ಕೊಂಡು ಬನ್ನಿ."

ಅತ್ತೆ ತೀರಿಹೋಗಿ ವರ್ಷಗಳೇ ಆದವು. ಅಷ್ಟನ್ನು ಹೇಳಬೇಕಿತ್ತು. ಆಯಿತೆಂದು ತಲೆಯಾಡಿಸಿ, ಮಗಳ ಕೈ ಹಿಡಿದು ಹೊರಗೆ ಬಂದೆ.