ನಮ್ಮ ಸಲಿಕೆ, ಆಂಟಿಯ ಕೈ

ಹೋದ ತಿಂಗಳು ಗರಾಜ್ ಖಾಲಿ ಮಾಡುವಾಗ ನನ್ನ ಗಂಡ ಬೇಡದ ಸಾಮಾನಿಗೆಲ್ಲ ಹಳದಿ ಸ್ಟಿಕ್ಕರ್ ಅಂಟಿಸುತ್ತಾ ಬಂದ. ಮಗಳ ಹಳೇ ಸೈಕಲ್ಲು, ಒಡೆದ ಕೂಲರ್, ಮಡಚುವ ಕುರ್ಚಿಗಳು. ಮನೆ ಮಾರುತ್ತಿದ್ದೇವೆ, ಶನಿವಾರ ಗರಾಜ್ ಸೇಲ್ ಇತ್ತು. ನೀರಿನ ಪೈಪಿನ ಹಿಂದೆ ಒರಗಿಸಿಟ್ಟಿದ್ದ ಸಲಿಕೆಯನ್ನು ಎಳೆದು ಅದಕ್ಕೂ ಒಂದು ಅಂಟಿಸಿದ. ಮರದ ಹಿಡಿ, ತುಕ್ಕು ಹಿಡಿದ ಅಲಗು... "ಅದನ್ನ ಮುಟ್ಟಬೇಡ!" ಅಂತ ನಾನು ಕಿರುಚಿದ್ದಕ್ಕೆ ಎದುರು ಮನೆಯ ನಾಯಿ ಬೊಗಳಲು ಶುರು ಮಾಡಿತು. ಒಂದು ಸಲಿಕೆಗೆ ಇಷ್ಟು ರಂಪ ಯಾಕೆ ಅಂದ. ಯಾಕೆ ಅಂತ ಅವನಿಗೆ ಗೊತ್ತು. ಗೊತ್ತಿದ್ದೂ ಅಂಟಿಸಿದ್ದ. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇರುವುದನ್ನು ನಾವಿಬ್ಬರೂ ಈ ಏಳು ವರ್ಷದಲ್ಲಿ ಚೆನ್ನಾಗಿ ಕಲಿತಿದ್ದೇವೆ.

ಆ ಸಲಿಕೆ ನಮ್ಮದು. ಅದನ್ನು ಎತ್ತಿದ್ದು ಪಕ್ಕದ ಮನೆ ಆಂಟಿ.

ನಾವು ಡಾಲಸ್ ಪಕ್ಕದ ಕ್ಯಾರಲ್ಟನ್‌ನಲ್ಲಿ ಈ ಮನೆ ಕೊಂಡಾಗ ಆಂಟಿ ಪಕ್ಕದಲ್ಲಿ ಆಗಲೇ ಹತ್ತು ವರ್ಷದಿಂದ ಇದ್ದರು. ಧಾರವಾಡದ ಕಡೆಯವರು. ಗಂಡ ತೀರಿಹೋಗಿದ್ದರು. ಒಬ್ಬಳೇ ಮಗಳು, ಮದುವೆಯಾಗಿ ಆಸ್ಟಿನ್‌ನಲ್ಲಿದ್ದಳು. ಆಂಟಿ ಹತ್ತಿರದ ಒಂದು ಡೇಕೇರ್‌ನಲ್ಲಿ ಕೆಲಸ ಮಾಡುತ್ತಿದ್ದರು, ವರ್ಷ ತುಂಬದ ಕೂಸುಗಳನ್ನು ಇಡುವ ಕೋಣೆಯಲ್ಲಿ. ಇಂಗ್ಲಿಷ್ ಅಷ್ಟಕ್ಕಷ್ಟೆ. ಕೂಸುಗಳಿಗೆ ಇಂಗ್ಲಿಷ್ ಯಾಕೆ ಬೇಕು? ಎಂಥ ಅಳುವ ಕೂಸಾದರೂ ಅವರ ಹೆಗಲಿಗೆ ಬಿದ್ದ ಮೇಲೆ ಸುಮ್ಮನಾಗುತ್ತಿತ್ತಂತೆ. ಕೆಲವು ಅಮೆರಿಕನ್ ಅಮ್ಮಂದಿರು ಬೇರೆ ಯಾರ ಕೈಗೂ ಕೊಡದೆ, ಆಂಟಿ ಬರುವ ತನಕ ಬಾಗಿಲಲ್ಲಿ ಕಾಯುತ್ತಿದ್ದರು ಅಂತ ನಗುತ್ತಾ ಹೇಳಿದ್ದರು. ನನ್ನನ್ನು "ತಂಗಿ" ಎನ್ನುತ್ತಿದ್ದರು. ಯುಗಾದಿಗೆ ದೇವಸ್ಥಾನದ ನೈವೇದ್ಯಕ್ಕೆ ಹೋಳಿಗೆ ಅವರ ಕೈಯದೇ ಆಗಬೇಕಿತ್ತು.

2012ರ ಬೇಸಿಗೆ. ಶನಿವಾರ ಬೆಳಿಗ್ಗೆ. ಹಿತ್ತಿಲಲ್ಲಿ ಮಗಳು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರಾಡುತ್ತಿದ್ದಳು, ಎರಡೂವರೆ ವರ್ಷದ ಕೂಸು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಫೋನ್ ನೋಡುತ್ತಿದ್ದೆ. ಹೌದು, ಫೋನ್ ನೋಡುತ್ತಿದ್ದೆ, ಅದನ್ನೂ ಬರೆದೇ ಬಿಡುತ್ತೇನೆ. ಬೇಲಿಯ ಆಚೆಯಿಂದ ಆಂಟಿ "ತಂಗೀ, ಕೂಸಿನ್ನ ಎತ್ಕೋ! ಎತ್ಕೋ ಮೊದ್ಲ!" ಎಂದು ಕೂಗಿದರು. ನನಗೆ ಏನೆಂದು ಅರ್ಥವಾಗುವಷ್ಟರಲ್ಲಿ ಅವರು ಗೇಟು ದೂಡಿ ಒಳಗೆ ಬಂದಾಗಿತ್ತು. ಗೋಡೆಗೆ ಒರಗಿಸಿದ್ದ ಸಲಿಕೆ ಅವರ ಕೈಯಲ್ಲಿತ್ತು. ಮಗಳ ಪಾದದಿಂದ ಒಂದು ಗೇಣು ದೂರದಲ್ಲಿ, ಒಣಗಿದ ಎಲೆಗಳ ಬಣ್ಣದ್ದೇ ಒಂದು ಹಾವು ಸುತ್ತಿಕೊಂಡಿತ್ತು. ಕಾಪರ್‌ಹೆಡ್. ವಿಷದ್ದು. ಮಗಳು ಅದನ್ನು ಹಿಡಿಯಲು ಕೈ ಚಾಚಿದ್ದಳು...

ಮೂರು ಏಟು. ನಾನು ಮಗಳನ್ನು ಎತ್ತಿಕೊಂಡಿದ್ದು ಅದಾದ ಮೇಲೆ.

ಆಂಟಿ ಮೆಟ್ಟಿಲ ಮೇಲೆ ಕುಸಿದು ಕೂತರು. "ಪಾಪ ಆತು" ಎಂದರು. ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಥ್ಯಾಂಕ್ಸ್ ಹೇಳುತ್ತಿದ್ದೆ ನಾನು. ಅವರಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ. ಆಮೇಲೆ ಅವರೇ ನಮ್ಮ ಕ್ರೇಪ್ ಮರ್ಟಲ್ ಗಿಡದ ಬುಡದಲ್ಲಿ ಗುಂಡಿ ತೋಡಿ ಹಾವನ್ನು ಹೂತರು. ನನ್ನ ಫ್ರಿಜ್ಜಿನಿಂದ ಹಾಲು ತರಿಸಿ ಸುರಿದರು, ಗಲ್ಲ ಗಲ್ಲ ಬಡಿದುಕೊಂಡರು. ನನಗೆ ಒಳಗೊಳಗೆ ನಗು ಬಂದಿತ್ತು. ಟೆಕ್ಸಸ್ಸಿನ ಹಾವಿಗೆ ಸುಬ್ರಹ್ಮಣ್ಯನ ಪರಿಚಯ ಎಲ್ಲಿಂದ ಬರಬೇಕು ಅಂದುಕೊಂಡೆ.

ಮುಂದಿನ ವಾರ ಇಲ್ಲಿನ ಕನ್ನಡದವರೆಲ್ಲ ಸೇರಿದ ಪಾಟ್‌ಲಕ್ ಊಟದಲ್ಲಿ ಇದನ್ನೆಲ್ಲ ರಂಗಾಗಿ ಹೇಳಿದವಳು ನಾನೇ. ಆಂಟಿ ಹೇಗೆ ಓಡಿ ಬಂದರು, ಹೇಗೆ ಎತ್ತಿ ಹೊಡೆದರು, ಎಲ್ಲ ಅಭಿನಯಿಸಿ ತೋರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಂಟಿ ಮಾತ್ರ ತಟ್ಟೆ ನೋಡುತ್ತಾ ಕೂತಿದ್ದರು. ಆವತ್ತು ನಾನು ಬಾಯಿ ಮುಚ್ಚಿಕೊಂಡು ಊಟ ಮಾಡಿ ಎದ್ದು ಬಂದಿದ್ದರೆ...

ನಾಲ್ಕು ತಿಂಗಳಿಗೆ ಆಸ್ಟಿನ್‌ನಿಂದ ಫೋನ್ ಬಂತು. ಆಂಟಿಯ ಬಸುರಿ ಮಗಳಿಗೆ ಎಂಟು ತಿಂಗಳಾಗಿತ್ತು. ಕೂಸು ಹೊಟ್ಟೆಯಲ್ಲೇ ಹೋಗಿತ್ತು.

ನಮ್ಮಲ್ಲಿ ಒಬ್ಬರು ಡಾಕ್ಟರಿದ್ದರು. ಹೃದಯದ ಡಾಕ್ಟರು, ರಿಟೈರ್ ಆದವರು. ಪಕ್ಕದ ಊರು ಫಾರ್ಮರ್ಸ್ ಬ್ರಾಂಚ್‌ನ ಒಂದು ಆಫೀಸ್ ಕಟ್ಟಡದ ಬಾಡಿಗೆ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಪ್ರವಚನ ಮಾಡುತ್ತಿದ್ದರು. ಸಂಚಿತ, ಪ್ರಾರಬ್ಧ, ಆಗಾಮಿ ಅಂತ ಕರ್ಮದ ಮೂರು ಬಗೆಗೂ ಮೂರು ಬಣ್ಣದ ಸ್ಲೈಡ್ ಮಾಡಿಕೊಂಡಿದ್ದರು. ಆಂಟಿ ಒಂದು ವಾರವೂ ತಪ್ಪಿಸುತ್ತಿರಲಿಲ್ಲ. ಮಗಳ ಮನೆಯಿಂದ ವಾಪಸ್ಸು ಬಂದ ಮೊದಲ ಭಾನುವಾರವೂ ಬಂದಿದ್ದರು. ಆವತ್ತು ಡಾಕ್ಟರು ಕನ್ನಡಕ ತೆಗೆದು ಒರೆಸುತ್ತಾ, "ಕೈಯಾರೆ ಮಾಡಿದ್ದು ಯಾವ ರೂಪದಲ್ಲಿ ಬರುತ್ತೆ ಹೇಳಕ್ಕಾಗಲ್ಲ. ಸರ್ಪಹತ್ಯೆ ಅಂದ್ರೆ ಅದು ಸಂತಾನಕ್ಕೇ ಬರುತ್ತೆ. ಯಾವ ದೇಶದ ಸರ್ಪ ಆದ್ರೂ ಸರ್ಪವೇ" ಎಂದರು. ಹೆಸರು ಹೇಳಲಿಲ್ಲ, ಮಹಾನುಭಾವರು. ಹೇಳುವ ಅಗತ್ಯವೂ ಇರಲಿಲ್ಲ, ಎಲ್ಲರ ಕುತ್ತಿಗೆಯೂ ಒಂದೇ ಕಡೆ ತಿರುಗಿತ್ತು.

ಆಂಟಿ ಅದನ್ನೂ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನಾನು ಪಕ್ಕದಲ್ಲೇ ಕೂತಿದ್ದೆ. ಪೆನ್ನು ನಿಧಾನವಾಗಿ, ಒಂದೊಂದೇ ಅಕ್ಷರ...

ಈಗ ನೆನೆದರೂ ಮೈ ಉರಿಯುತ್ತದೆ. ಆ ಡಾಕ್ಟರ ಮನೆಗೆ ಮೂರು ತಿಂಗಳಿಗೊಮ್ಮೆ ಪೆಸ್ಟ್ ಕಂಟ್ರೋಲ್‌ನವರು ಬಂದು ಇರುವೆ, ಗೆದ್ದಲು, ಜೇಡ ಎಲ್ಲವನ್ನೂ ಸಾಯಿಸಿ ಹೋಗುತ್ತಿದ್ದರು. ಅದು ಯಾವ ಬಣ್ಣದ ಸ್ಲೈಡಿನಲ್ಲಿ ಬರುತ್ತದೆ ಸ್ವಾಮಿ? ನಮ್ಮಜ್ಜಿ ಹಾಲು ಉಕ್ಕಿ ಚೆಲ್ಲಿದರೂ "ನನ್ನ ಕರ್ಮ" ಅಂತ ಹಣೆ ಚಚ್ಚಿಕೊಳ್ಳುತ್ತಿದ್ದರು. "ನನ್ನ" ಅಂತಲೇ. ಸತ್ತವರ ಮನೆಗೆ ಹೋಗಿ "ನಿಮ್ಮ ಕರ್ಮ" ಅಂದದ್ದನ್ನು ನಾನಂತೂ ಕೇಳಿಲ್ಲ. ಅಂಥ ಕಡೆ ಹೋದರೆ ಸುಮ್ಮನೆ ಕೂತು, ಒಂದು ಲೋಟ ನೀರು ಕೊಟ್ಟು ಬರುತ್ತಿದ್ದರು.

ಮುಂದಿನ ಯುಗಾದಿಗೆ ಹೋಳಿಗೆ ಬೇರೆಯವರಿಗೆ ಹೋಯಿತು. "ನೀವು ದಣಿದಿದ್ದೀರಿ, ರೆಸ್ಟ್ ತಗೊಳ್ಳಿ" ಅಂದರಂತೆ.

ಎರಡು ವರ್ಷದ ಮೇಲೆ ಆಂಟಿಯ ಮಗಳು ಮತ್ತೆ ಬಸುರಿಯಾದಳು. ಆಂಟಿ ಹತ್ತಿಯ ಹಳೇ ಸೀರೆ ಹರಿದು ಕೂಸಿನ ಬಟ್ಟೆ ಹೊಲಿಯತೊಡಗಿದರು, ಅಂಟಿನುಂಡೆಗೆ ಒಣಕೊಬ್ಬರಿ, ಉತ್ತುತ್ತಿ ತಂದಿಟ್ಟರು. ಅಷ್ಟರಲ್ಲಿ ಹೂಸ್ಟನ್‌ನಲ್ಲಿದ್ದ ಬೀಗಿತ್ತಿಯ ಕಿವಿಗೆ ಹಾವಿನ ಸುದ್ದಿ ಮುಟ್ಟಿತ್ತು, ನನ್ನ ಮಗಳು ಉಳಿದ ಸುದ್ದಿ ಮಾತ್ರ ದಾರಿಯಲ್ಲೇ ಉದುರಿತ್ತು. ಅವರದು ಒಂದೇ ಮಾತು: ಹಾವು ಕೊಂದ ಕೈ ಕೂಸನ್ನು ಮುಟ್ಟಬಾರದು, ಬಾಣಂತನ ತಾವೇ ಮಾಡುತ್ತೇವೆ. ಮಗಳು ಮೊದಲ ಕೂಸನ್ನು ಕಳೆದುಕೊಂಡು ಹೆದರಿ ಹೋಗಿದ್ದಳು. "ಅಮ್ಮಾ, ಜಸ್ಟ್ ದಿಸ್ ಒನ್ ಟೈಮ್, ಪ್ಲೀಸ್" ಅಂದಳಂತೆ ಫೋನಿನಲ್ಲಿ.

ಮರುದಿನ ಆಂಟಿ ನಮ್ಮ ಅಡುಗೆಮನೆಗೆ ಬಂದರು. ನನಗೆ ಆಗ ನಾಲ್ಕು ತಿಂಗಳು. ಟೇಬಲ್ಲಿನ ಮೇಲೆ ಅಂಗೈ ಊರಿ ನಿಂತರು, ಕೂರಲಿಲ್ಲ.

"ನನ್ನ ಕೂಡ ಹೂಸ್ಟನ್‌ಗೆ ಬರ್ತೀಯೇನ ತಂಗಿ? ಬೀಗ್ತಿ ಮುಂದ ಒಂದ ಮಾತ ಹೇಳು ಸಾಕು. ಆಂಟಿ ಚಂದಕ್ಕ ಕೊಂದಿಲ್ಲ, ನನ್ನ ಕೂಸಿನ ಸಲುವಾಗಿ ಕೊಂದ್ರು ಅಂತ. ನಾ ಹೇಳಿದ್ರ ಯಾರ ನಂಬ್ತಾರ? ನೀ ಹೇಳಿದ್ರ ನಂಬ್ತಾರ."

ಬರ್ತೀನಿ ಆಂಟಿ, ಅಂದೆ. ಆ ಕ್ಷಣಕ್ಕೆ ಅದು ಸುಳ್ಳಾಗಿರಲಿಲ್ಲ.

ಅದೇ ದಿನ ಸ್ಕೈಪ್‌ನಲ್ಲಿ ಮೈಸೂರಿನಿಂದ ನನ್ನಮ್ಮ ಸಿಕ್ಕಳು. ವಿಷಯ ಕೇಳಿದ್ದೇ ತಡ, ಅವಳ ಮುಖ ಸಪ್ಪಗಾಯಿತು. "ಹೊಟ್ಟೇಲಿ ಮಗು ಇಟ್ಕೊಂಡು ಹೋಗಿ ಅದನ್ನ ಹೇಳ್ತೀಯಾ? ಜಾಗ ನಿಂದು, ಸಲಿಕೆ ನಿಂದು, ನಿನ್ನ ಮಗೂಗೋಸ್ಕರ ಆಗಿದ್ದು. ನೀನೇ ಬಾಯಿಬಿಟ್ಟು ಒಪ್ಕೊಂಡ್ರೆ ಆ ದೋಷ ಇಲ್ಲಿಗೇ ಬರುತ್ತೆ ಕಣೇ. ತೆಪ್ಪಗಿರು" ಎಂದಳು.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಲಾಸ್ ಕೊಲಿನಾಸ್‌ನಲ್ಲಿ ಹತ್ತು ಜನರ ಟೀಮ್ ನಡೆಸುವವಳು. ದೋಷ, ಶಾಂತಿ, ಗ್ರಹಗತಿ ಅಂತ ಯಾರಾದರೂ ಬಾಯಿ ತೆಗೆದರೆ ಅಣಕಿಸುವವಳು. ಆದರೂ ಮರುದಿನ ಬೆಳಿಗ್ಗೆ ಬೇಲಿಯ ಹತ್ತಿರ ಹೋಗಿ, "ಆಂಟಿ, ಆಫೀಸಿನಲ್ಲಿ ರಿಲೀಸ್ ಇದೆ, ರಜಾ ಸಿಗ್ತಿಲ್ಲ" ಅಂದೆ. ರಿಲೀಸೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಆಂಟಿ ನನ್ನ ಮುಖ ನೋಡಿದರು. ಆಮೇಲೆ ಕಣ್ಣು ಕೆಳಗಿಳಿದು ನನ್ನ ಹೊಟ್ಟೆಯ ಮೇಲೆ ಒಂದು ಗಳಿಗೆ ನಿಂತಿತು. "ಇರ್ಲಿ ಬಿಡು ತಂಗಿ, ನೀ ದಗದ ನೋಡ್ಕೋ" ಎಂದು ಒಳಗೆ ಹೋದರು.

ಒಬ್ಬರೇ ಡ್ರೈವ್ ಮಾಡಿಕೊಂಡು ಹೂಸ್ಟನ್‌ಗೆ ಹೋದರು. ಸಂಜೆಗೆ ವಾಪಸ್ಸು ಬಂದರು. ಏನಾಯಿತು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೊಮ್ಮಗಳು ಹುಟ್ಟಿದಳು. ನಾಮಕರಣಕ್ಕೆ ಕರೆದಿದ್ದರಂತೆ. "ಥೇಟ್ ನಮ್ಮಾಕಿ ಹಂಗ ಅದ ಕೂಸು. ದೂರದಿಂದ ನೋಡಿದೆ" ಎಂದರು ನನಗೆ. ಊರಿನವರ ಕೂಸುಗಳನ್ನೆಲ್ಲ ಹೆಗಲ ಮೇಲೆ ಮಲಗಿಸಿದ ಹೆಂಗಸು ಸ್ವಂತ ಮೊಮ್ಮಗಳನ್ನು ಕೊನೇ ಸಾಲಿನ ಕುರ್ಚಿಯಲ್ಲಿ ಕೂತು ನೋಡಿ ಬಂದಿದ್ದರು. ಇದಕ್ಕೆ ನ್ಯಾಯ ಅಂತ ಹೆಸರಿಟ್ಟ ದೇವರು ಎಲ್ಲಿದ್ದಾನೆ ಹೇಳಿ, ಹೋಗಿ ಕೊರಳಪಟ್ಟಿ ಹಿಡಿದು ಕೇಳುತ್ತೇನೆ.

ನನಗೆ ಮಗ ಹುಟ್ಟಿದಾಗ ಆಂಟಿ ಅಂಟಿನುಂಡೆಯ ಡಬ್ಬಿ ಹಿಡಿದು ಬಂದು ಹೊಸ್ತಿಲಾಚೆ ನಿಂತರು. "ನಾ ಒಳಗ ಬರೂದಿಲ್ಲ. ಕೂಸು ಆರಾಮದ ಅಲ್ಲ?" ಎಂದರು. ನನ್ನಮ್ಮ ಊರಿನಿಂದ ಬಂದಿದ್ದಳು, ಬಾಣಂತಿ ಕೋಣೆಯಿಂದಲೇ ನೋಡುತ್ತಿದ್ದಳು. ಬನ್ನಿ ಆಂಟಿ ಅನ್ನುವ ಎರಡು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಡಬ್ಬಿ ಇಸಿದುಕೊಂಡೆ. ಉಂಡೆ ಎಲ್ಲ ತಿಂದೆ.

ಅದಾದ ಮೇಲೆ ಆಂಟಿ ಮನೆ ಮಾರಿ ಡೇಕೇರ್‌ನ ಹತ್ತಿರ ಒಂದು ಅಪಾರ್ಟ್‌ಮೆಂಟಿಗೆ ಶಿಫ್ಟ್ ಆದರು. ಎರಡು ವರ್ಷದ ಹಿಂದೆ ತೀರಿಕೊಂಡರು, ಕ್ಯಾನ್ಸರ್, ಗೊತ್ತಾಗಿ ಆರು ವಾರವೂ ಆಗಿರಲಿಲ್ಲ. ಸಂತಾಪದ ಭಜನೆ ಮುಗಿದ ಮೇಲೆ ಪಾರ್ಕಿಂಗ್‌ನಲ್ಲಿ ಡಾಕ್ಟರು ಸಿಕ್ಕಿ, "ಪಾಪ, ಪ್ರಾರಬ್ಧ ಕಳೀತು" ಎಂದರು. "ನಿಮ್ಮನೆಗೆ ಪೆಸ್ಟ್ ಕಂಟ್ರೋಲ್‌ನವರು ಬರೋದು ನಿಂತಿದೆಯಾ ಡಾಕ್ಟ್ರೇ?" ಅಂತ ಕೇಳಿದೆ. ಗಂಟಲು ಹರಿಯುವ ಹಾಗೆ ಕೇಳಿದೆ. ಅವರು ಕಾರು ಹತ್ತಿ ಹೋದರು. ನನ್ನ ಗಂಡ ನನ್ನ ತೋಳು ಹಿಡಿದು ಎಳೆದ. ಸತ್ತ ಮೇಲೆ ಕೂಗಾಡುವುದಕ್ಕೆ ಎಂಥ ಧೈರ್ಯ ಬೇಕು? ಬೇಲಿಯ ಹತ್ತಿರ ಆ ಗಂಟಲು ಎಲ್ಲಿ ಹೋಗಿತ್ತು?

ಗರಾಜ್ ಸೇಲ್ ದಿನ ಸಲಿಕೆಯನ್ನು ಒಳಗಿಟ್ಟು, ಆಸ್ಟಿನ್‌ಗೆ ಫೋನ್ ಮಾಡಿದೆ. ಅವರ ಮಗಳ ನಂಬರ್ ನನ್ನ ಹತ್ತಿರ ಐದು ವರ್ಷದಿಂದ ಇತ್ತು. ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿದೆ: ಆ ಹಾವು ನನ್ನ ಮಗಳ ಕಾಲ ಹತ್ತಿರ ಇತ್ತು, ನಿಮ್ಮಮ್ಮ ಅವಳನ್ನು ಉಳಿಸಿದರು.

ಅವಳು ಕನ್ನಡದಲ್ಲೇ, ತಡವರಿಸುತ್ತಾ ಮಾತಾಡಿದಳು. "ಹಾವು ಅಮ್ಮನ ಹಿತ್ತಿಲಲ್ಲೇ, ಮೆಂತ್ಯ ಗಿಡದ ಹತ್ರ ಬಂದಿತ್ತು ಅಲ್ವಾ? ನಮ್ಮತ್ತೆಗೆ ಅಮ್ಮ ಹಂಗೇ ಹೇಳಿದ್ಲು. ನಾನೂ ಆವತ್ತು ಹೂಸ್ಟನ್‌ನಲ್ಲೇ ಇದ್ದೆ. ಯಾರಾದ್ರೂ ಇದ್ರಾ ಅಲ್ಲಿ, ಮಕ್ಕಳು ಇದ್ರಾ, ಅಂತ ಅತ್ತೆ ಎರಡು ಸಲ ಕೇಳಿದ್ರು. ಯಾರೂ ಇರ್ಲಿಲ್ಲ, ನಾ ಸುಮ್ನ ಹೆದರಿ ಹೊಡದೆ, ಅಂದ್ಲು."

ಎರಡು ಸಲ ಕೇಳಿದ್ದಾರೆ. ಹೌದು ಅಂದಿದ್ದರೆ ಮೊಮ್ಮಗಳು ಸಿಗುತ್ತಿದ್ದಳೇನೋ. ಅಷ್ಟು ದೂರ ಹೋಗಿದ್ದೇ ಆ ಒಂದು ಮಾತು ಹೇಳಲಿಕ್ಕೆ. ಹೇಳಲಿಲ್ಲ. ನಾನು ಏನಕ್ಕೆ ಹೆದರಿದ್ದೆ ಅಂತ ಬೇಲಿಯ ಹತ್ತಿರವೇ ಅವರಿಗೆ ತಿಳಿದಿತ್ತು. ನನ್ನ ಹಾಗೆ ಬಾಯಲ್ಲಿ ಅಣಕಿಸಿ ಒಳಗೆ ನಡುಗುವವರಲ್ಲ ಅವರು, ದೋಷ ಇದೆ ಅಂತ ಪೂರ್ತಿ ನಂಬಿದವರು. ನಂಬಿಕೊಂಡೇ ನನ್ನ ಹೊಟ್ಟೆಯ ಕೂಸಿಗೆ ಅದು ತಗುಲದ ಹಾಗೆ ಎಲ್ಲವನ್ನೂ ತಮ್ಮ ಮೆಂತ್ಯದ ಮಡಿಗೆ ಎಳೆದುಕೊಂಡಿದ್ದರು.

"ನೀವು ಯಾಕೆ ಆವತ್ತೇ ಬಂದು ಹೇಳ್ಲಿಲ್ಲ?" ಎಂದು ಅವಳು ಕೇಳಿದಳು.

"ಹೆದರಿದ್ದೆ" ಅಂದೆ.

ಅವಳು ಫೋನ್ ಇಟ್ಟಳು. ಮತ್ತೆ ಮಾಡಿಲ್ಲ, ಮಾಡುತ್ತಾಳೆ ಅಂತಲೂ ಅನಿಸುವುದಿಲ್ಲ.

ಆ ಹೊತ್ತಿಗೆ ಮಗಳು ಗರಾಜಿಗೆ ಬಂದಳು. ಈಗ ಒಂಬತ್ತೂವರೆ ವರ್ಷ, ನನ್ನ ಹೆಗಲ ಮಟ್ಟಕ್ಕೆ ಬೆಳೆದಿದ್ದಾಳೆ. ಆಂಟಿಯ ಮುಖ ಅವಳಿಗೆ ಮಸುಕು ಮಸುಕು, ಹಾವಂತೂ ನೆನಪೇ ಇಲ್ಲ. "ವೈ ಆರ್ ಯೂ ಕ್ರೈಯಿಂಗ್, ಅಮ್ಮಾ?" ಅಂದಳು. ಅವಳನ್ನು ನೆಲದ ಮೇಲೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಫೋನ್ ನೋಡುತ್ತಿದ್ದದ್ದು, ಇಲ್ಲದ ರಿಲೀಸು, ತಿಂದ ಉಂಡೆ, ಒಂದನ್ನೂ ಬಿಡಲಿಲ್ಲ. ಅವಳು ಸಲಿಕೆಯ ಮೇಲಿದ್ದ ಹಳದಿ ಸ್ಟಿಕ್ಕರನ್ನು ಉಗುರಿನಿಂದ ಕೆರೆಯುತ್ತಾ ಕೇಳುತ್ತಿದ್ದಳು. ಅದು ಪೂರ್ತಿ ಬರಲಿಲ್ಲ, ಅರ್ಧ ಅಲ್ಲೇ ಅಂಟಿಕೊಂಡಿದೆ.