ಲಡಾಖಿಗೆ ಪಾಲಿಗೆ ಹೋದ ನಾಯಿ

ನಮ್ಮ ಬನಹಟ್ಟಿ ಓಣಿಯ ಮಗ್ಗಗಳು ನಿಂತ ಮೇಲೂ ನನ್ನೊಳಗಿನ ಸದ್ದು ನಿಲ್ಲುತ್ತಿರಲಿಲ್ಲ. ಕೂತರೆ ಏಳಬೇಕು, ಎದ್ದರೆ ಕೂಡಬೇಕು. ನನ್ನ ಸ್ವಂತ ತಮ್ಮನನ್ನು ನಾಲ್ಕು ಜನರ ಎದುರು ಕಳ್ಳನನ್ನಾಗಿ ಮಾಡಿದ್ದೆ.

ತಮ್ಮ ಲಡಾಖಿನ ರಸ್ತೆ ಕೆಲಸದಲ್ಲಿ ಟಿಪ್ಪರ್ ಓಡಿಸುತ್ತಾನೆ. ನಾನು ಮಗ್ಗಕ್ಕೆ ನೂಲಿನ ಬಾಬಿನ್ ಸುತ್ತುತ್ತೇನೆ, ಜೊತೆಗೆ ಮುಧೋಳ ನಾಯಿಗಳನ್ನು ಸಾಕುತ್ತೇನೆ. ಡೇರೆ ಕಾಯಲು ಅವನ ಬಳಿ ನಮ್ಮದೇ ಒಂದು ಗಂಡು ನಾಯಿ ಇತ್ತು. ಇನ್ನೊಂದು ಕೇಳಿದಾಗ ಹೆಣ್ಣನ್ನು ಪಾಲಿಗೆ ಕೊಟ್ಟೆ. ಆಡು, ಎಮ್ಮೆ ಕೊಟ್ಟ ಹಾಗೆಯೇ: ಸಾಕುವುದು ಅವನು, ಹುಟ್ಟಿದ ಮರಿಗಳಲ್ಲಿ ಅರ್ಧ ನನಗೆ. ಅದರ ತೆಳ್ಳನೆಯ ಮೈಗೆ ಕೌದಿಯ ಅಂಗಿ ಹೊಲಿದು ಕಳಿಸಿದೆ.

ನಮ್ಮ ಮನೆಯ ನಾಯಿಗಳು ವರ್ಷಕ್ಕೊಮ್ಮೆ, ಚಳಿ ಬೀಳುವಾಗ ಬೆದೆಗೆ ಬರುತ್ತವೆ. ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಚಳಿಗಾಲ ಕಳೆದು ಬೇಸಿಗೆ ಬಂದರೂ ತಮ್ಮ ಮರಿಗಳ ಮಾತೆತ್ತಲಿಲ್ಲ. ಮರಿಗಾಗಿ ಕಾಯುತ್ತಿದ್ದ ಓಣಿಯ ನಾಲ್ವರು ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಸ್ಪೀಕರ್ ಹಾಕಿ ಫೋನ್ ಮಾಡಿದೆ.

"ಮರಿ ಎಲ್ಲಿ ಮಾರಿದಿ? ಖರೆ ಹೇಳು."

"ಅಕ್ಕಾ, ಅದು ಬೆದಿಗೇ ಬಂದಿಲ್ಲ."

"ಯಾಕ, ಗುಡ್ಡ ಹತ್ತಿ ಸನ್ಯಾಸ ತಗೊಂಡೈತೇನು?"

ನಾಲ್ವರೂ ನಕ್ಕರು. ಆ ನಗು ಅವನಿಗೂ ಕೇಳಿಸಿತು.

"ಆತು" ಎಂದು ಫೋನ್ ಇಟ್ಟ.

ಹದಿನೈದು ದಿನಕ್ಕೆ, ರಜೆಗೆ ಬಂದ ಅವನ ಗೆಳೆಯನ ಜೊತೆ ನಾಯಿ ಬಂತು. ತಮ್ಮ ಬರಲಿಲ್ಲ. ಮಳೆ ಶುರುವಾಗುವುದರೊಳಗೆ ಅದು ಬೆದೆಗೆ ಬಂದುಬಿಟ್ಟಿತು. "ನೋಡ್ರಿ, ಬೆದಿಗೆ ಬರೂ ನಾಯಿನ ಇದು, ಅಂವ ಸುಳ್ಳು ಹೇಳಿದ್ದ" ಎಂದು ಓಣಿಗೆಲ್ಲ ತೋರಿಸಿದೆ.

ಗಬ್ಬವಾದ ಮೇಲೆ ಮುಧೋಳದ ದನದ ಡಾಕ್ಟರ ಬಳಿ ಒಯ್ದೆ. ಎಲ್ಲಿತ್ತೆಂದು ಕೇಳಿದರು. ಹೇಳಿದೆ.

"ಅಲ್ಲಿ ಗಾಳಿ ತೆಳ್ಳಗ ಇರ್ತದವಾ. ಉಸಿರಿಗೇ ಮೈ ಒದ್ದಾಡ್ತದ. ಗಾಬರಿ ಆದಾಗ ಏರೋ ಹಾರ್ಮೋನ್ ಮೊದಲ ಏರ್ತದ, ಬೆದಿಗೆ ತರೋದು ಇಳಿದಬಿಡಬಹುದು. ಅಲ್ಲೇ ಹುಟ್ಟಿದ ಯಾಕ್ ದನದ ಮೈ ಬ್ಯಾರೆ, ಅದು ತಲಿತಲಾಂತರದಿಂದ ಹೊಂದಿಕೊಂಡೈತಿ. ಇದು ಬಯಲಿನ ನಾಯಿ. ಕೆಳಗ ಬಂತು, ಉಸಿರು ಸಿಕ್ತು, ಬೆದಿಗೆ ಬಂತು."

ನಾನು ಓದಿದ್ದು ಐದನೆಯ ತರಗತಿ. ಹಾರ್ಮೋನ್ ಎಂಬ ಮಾತನ್ನು ಹೆಂಗಸರ ದವಾಖಾನೆಯಲ್ಲಷ್ಟೇ ಕೇಳಿದ್ದೆ. ಆದರೆ ತಮ್ಮ ಸುಳ್ಳು ಹೇಳಿರಲಿಲ್ಲ ಎಂದು ತಿಳಿಯಲು ಅಷ್ಟು ಓದು ಸಾಕಿತ್ತು.

ತಿಳಿದ ಮೇಲೂ ಎರಡು ತಿಂಗಳು ಸುಮ್ಮನಿದ್ದೆ. ನನ್ನ ದೊಡ್ಡ ತಪ್ಪು ಇದೇ. ಅವನ ನಂಬರ್ ತೆಗೆಯುವುದು, ಮುಚ್ಚುವುದು. ನೂಲು ಕಡಿದದ್ದು ಕಾಣದೆ ಬರೀ ಬಾಬಿನ್ ತಿರುಗುತ್ತಿತ್ತು. ನಾಯಿ ಐದು ಮರಿ ಹಾಕಿತು. ಅವುಗಳ ಮುಖ ನೋಡಲಾಗದೆ ಒಂದು ಮಧ್ಯಾಹ್ನ ಫೋನ್ ಮಾಡಿದೆ. ಡಾಕ್ಟರು ಹೇಳಿದ್ದನ್ನೆಲ್ಲ ತಡವರಿಸುತ್ತ ಹೇಳಿ, "ನಂದ ತಪ್ಪಾತು" ಎಂದೆ.

ಅವನು ಕೇಳಿದ:

"ಈಗ ನಿನ್ನ ಬಾಜೂಕ ಯಾರ ಅದಾರ?"

"ಯಾರೂ ಇಲ್ಲ."

"ಅವತ್ತ ಇದ್ರಲ್ಲ."

"ಫೋನ್ ಇಡಬ್ಯಾಡ" ಎಂದೆ. ಸ್ಪೀಕರ್ ಹಾಕಿಕೊಂಡು ಓಣಿಗೆ ಇಳಿದು, ನಾಲ್ವರಲ್ಲಿ ಮೊದಲಿನವನ ಬಾಗಿಲು ಬಡಿದೆ.