ಕುಂಯ್ ಮತ್ತು ಬೀಪ್

ವಿದ್ಯಾನಗರದ ನಮ್ಮ ಮನೆಗೆ ಮಗಳು ಖಾಯಂ ಆಗಿ ಬಂದ ವಾರವೇ ನನಗೆ ಹೊಟ್ಟೆಕಿಚ್ಚು ಶುರುವಾಯಿತು. ಬಟ್ಟೆ ಒಗೆಯುವ ಮೆಷಿನ್ ಕೆಲಸ ಮುಗಿಸಿ ಸದ್ದು ಮಾಡಿದ್ದೇ ತಡ, "ಕುಂಯ್ ಅಂತು! ಬಂದೆ ಮಾರಾಯಾ!" ಎಂದು ಓಡಿದಳು. ಮಾತು ಅವಳದಲ್ಲ. ಭದ್ರಾವತಿಯಲ್ಲಿರುವ ನನ್ನ ವಾರಗಿತ್ತಿಯದು, ಅಂದರೆ ಅವಳ ದೊಡ್ಡಮ್ಮನದು.

ನಾನು ಸವಳಂಗ ರಸ್ತೆಯ ಆಫೀಸಿಗೆ ಹೋಗುತ್ತಿದ್ದ ಕಾರಣ, ಶಾಲೆಗೆ ಸೇರುವ ತನಕ ಮಗಳು ಬೆಳೆದದ್ದು ಅವರ ಹತ್ತಿರವೇ. ನಮಗೆ ಭಾನುವಾರದ ನೆಂಟಳು. ಮೆಷಿನ್, ಮೊಬೈಲ್, ಇನ್ವರ್ಟರ್, ಯಾವುದು ಸದ್ದು ಮಾಡಿದರೂ ವಾರಗಿತ್ತಿಗೆ ಅದು ನಾಯಿಮರಿಯ 'ಕುಂಯ್'. ಉತ್ತರ ಕೊಡದೆ ಬಿಡುವವರಲ್ಲ. ಮಗಳನ್ನು ಸಾಕಿಕೊಟ್ಟದ್ದಕ್ಕೆ ಕೃತಜ್ಞತೆ ಇರಬೇಕು, ಇತ್ತು. ಆದರೂ ಅವಳ ಬಾಯಲ್ಲಿ ಅವರ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

"ಅದು ಕುಂಯ್ ಅಲ್ಲ ಪುಟ್ಟಿ, ಬೀಪ್."

"ಬೀಪ್ ಅಂದ್ರೆ ಏನು?"

ಗೊತ್ತಿರಲಿಲ್ಲ. ಸೋಲಬಾರದಲ್ಲ, ಮೊಬೈಲಿನಲ್ಲಿ ಹುಡುಕಿದೆ. ಅದೂ ಸದ್ದನ್ನೇ ಅನುಕರಿಸಿ ಹುಟ್ಟಿದ ಪದವಂತೆ, ನಮ್ಮ ಚಟಪಟ, ಗುಡುಗುಡು ಜಾತಿಯದೇ. ಮೊದಲು ಮೋಟಾರಿನ ಹಾರ್ನಿಗೆ ಹೇಳುತ್ತಿದ್ದರು, ಆಮೇಲೆ ಯಂತ್ರಗಳ ಸಣ್ಣ ಕೂಗಿಗೆಲ್ಲ ಅಂಟಿಕೊಂಡಿತು. ಖುಷಿಯಿಂದ ಓದುತ್ತಿದ್ದವಳಿಗೆ ತಟ್ಟನೆ ಚುಚ್ಚಿತು. ಹಾರ್ನ್ ಹೊಡೆಯುವುದು ದಾರಿ ಬಿಡು ಅಂತ. ನಾಯಿಮರಿ ಕುಂಯ್ ಅನ್ನುವುದು ಹತ್ತಿರ ಬಾ ಅಂತ. ಇಲ್ಲೂ ವಾರಗಿತ್ತಿಯೇ ಗೆದ್ದರು! ಹಟ ಬಿಡದೆ ಬೀಪ್ ಕಲಿಸಿದೆ. ನನ್ನ ಮುಂದೆ ಬೀಪ್ ಅನ್ನುತ್ತಿದ್ದಳು, ನಾನು ಅಡುಗೆಮನೆಗೆ ಹೋದರೆ ಕುಂಯ್.

ಒಂದು ದಿನ ಅವಳಿಗೆ ಜ್ವರ ಬಂತು. ರಜೆ ಹಾಕಿ ಪಕ್ಕದಲ್ಲೇ ಕೂತೆ. ಕಂಕುಳಲ್ಲಿಟ್ಟ ಥರ್ಮಾಮೀಟರ್ ಸದ್ದು ಮಾಡಿತು.

"ಕುಂಯ್ ಅಂತು, ದೊಡ್ಡಮ್ಮಾ," ಎಂದಳು, ಕಣ್ಣು ಮುಚ್ಚಿಕೊಂಡೇ.

"ಅಮ್ಮ ಇದೀನಲ್ಲೇ."

ಮುಖ ಗೋಡೆಯ ಕಡೆ ತಿರುಗಿಸಿದಳು. ಗಂಜಿಯ ಚಮಚ ತುಟಿಗೆ ಮುಟ್ಟಿಸಲೂ ಬಿಡಲಿಲ್ಲ. ಜ್ವರದ ಮಗುವಿನ ಮೇಲೆ ಸಿಟ್ಟು ಮಾಡಬಾರದು ಅಂತ ಗೊತ್ತು, ಆದರೂ ಬಂತು.

ಮಧ್ಯಾಹ್ನ ಸೋತು ಫೋನ್ ಮಾಡಿದೆ. "ಅಕ್ಕಾ, ಸ್ವಲ್ಪ ಬರ್ತೀರಾ?"

"ಬಸ್ಸಲ್ಲೇ ಇದೀನಿ ಮಾರಾಯ್ತಿ. ನಿನ್ನ ಗಂಡ ಬೆಳಿಗ್ಗೆನೇ ಹೇಳಿದ."

ಬಂದರು. ಕೈಕಾಲು ತೊಳೆದು ಮಂಚದ ಮೇಲೆ ಕೂತರು. ಮಗಳು ತಾನಾಗಿಯೇ ಅವರ ಮಡಿಲಿಗೆ ಹತ್ತಿದಳು, ನಾನು ಬಿಸಿ ಮಾಡಿ ತಂದ ಗಂಜಿಯನ್ನು ಅವರ ಕೈಯಿಂದ ಬಟ್ಟಲು ಖಾಲಿಯಾಗುವ ತನಕ ಕುಡಿದಳು.

"ದೊಡ್ಡಮ್ಮನ ಗಂಜಿ ಚೆನ್ನಾಗಿದೆ," ಎಂದಳು.

"ಮಾಡಿದ್ದು ನಾನು," ಎಂದೆ, ಬಾಗಿಲಲ್ಲಿ ನಿಂತು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ.